ಕಥೆ ಕೇಳುತ್ತ ಧಾರವಾಡಕ್ಕೆ

ದಾದರಿನಲ್ಲಿ ರಾತ್ರಿ ಗಾಡಿ ಹತ್ತಿದರೆ ಮರುದಿನ ಮಧ್ಯಾಹ್ನ ಧಾರವಾಡ. ಈ ದಾರಿ ನನಗೆ ಹೊಸದಲ್ಲ. ಆದರೆ ಈ ಸಲ ಮನಸ್ಸು ಭಾರವಾಗಿತ್ತು. ಗ್ಲಾಕೋಮಾದಿಂದ ತಾಯಿಯ ದೃಷ್ಟಿ ಬಹುಮಟ್ಟಿಗೆ ಹೋಗಿದೆ. ಕಾದಂಬರಿಯಿಲ್ಲದೆ ನಿದ್ದೆ ಮಾಡದಿದ್ದ ಜೀವ ಈಗ ಬಾಗಿಲ ಸಪ್ಪಳಕ್ಕೆ ಕಿವಿಗೊಟ್ಟು ಕೂಡುತ್ತದೆ. ಜೊತೆಗೆ ಹೊರಟ ಮಗನೋ ಮುಂಬಯಿಯಲ್ಲಿಯೇ ಬೆಳೆದ ಕಾಲೇಜು ಹುಡುಗ. ಅಜ್ಜಿಯೊಡನೆ ಅವನ ಮಾತು “ಆರಾಮಾ?”, “ಊಟ ಆತಾ?” ಎಂಬುದರಾಚೆ ಹೋದದ್ದನ್ನು ನಾನು ಕಂಡಿರಲಿಲ್ಲ.

ಕಲ್ಯಾಣ ದಾಟಿದರೂ ಅವನ ಕಿವಿಯಿಂದ ಇಯರ್‌ಫೋನು ಇಳಿಯಲಿಲ್ಲ. ಕರ್ಜತದಲ್ಲಿ ಗಾಡಿ ನಿಂತಿತು. ಘಟ್ಟ ಹತ್ತಿಸಲು ಹಿಂದಿನಿಂದ ನೂಕುವ ಎಂಜಿನುಗಳನ್ನು ಇಲ್ಲಿಯೇ ಜೋಡಿಸುವುದು. 1863ರಲ್ಲಿ ತೆರೆದ ಈ ಬೋರಘಾಟಿನ ದಾರಿಯಲ್ಲಿ 37 ಅಡಿ ಹೋದರೆ ಒಂದು ಅಡಿ ಏರು. ಇದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ, “ಅಪ್ಪಾ, ನನ್ನ ಕಥೀಯೊಳಗೂ ಈಗ ರೈಲು ಬಂದಾವ, ಕೇಳ್ರಿ” ಎಂದು ಒಂದು ಇಯರ್‌ಫೋನನ್ನು ನನಗೆ ಕೊಟ್ಟ.

ಅದು ಅಮೆರಿಕದ ಮ್ಯಾಟ್ ಡಿನಿಮನ್ ಬರೆದ ‘ಡಂಜನ್ ಕ್ರಾಲರ್ ಕಾರ್ಲ್’ ಎಂಬ ಕಥಾಮಾಲೆ. ಮೊದಲ ಸಂಪುಟ ಬಂದದ್ದು 2020ರಲ್ಲಿ. ಒಂದು ಚಳಿಯ ರಾತ್ರಿ ಸಿಯಾಟಲ್ ನಗರದಲ್ಲಿ ಕಾರ್ಲ್ ಎಂಬವನು ತಪ್ಪಿಸಿಕೊಂಡ ಬೆಕ್ಕನ್ನು ಹಿಡಿಯಲು ಚಡ್ಡಿಯಲ್ಲಿಯೇ ಹೊರಗೋಡುತ್ತಾನೆ. ಅದೇ ಗಳಿಗೆಗೆ ಭೂಮಿಯ ಮೇಲಿನ ಮನೆಮಠಗಳೆಲ್ಲ ಕುಸಿದುಬೀಳುತ್ತವೆ. ಉಳಿದವರಿಗೆ ನೆಲದಡಿಯ 18 ಅಂತಸ್ತುಗಳ ಆಟ; ಅನ್ಯಲೋಕದವರಿಗೆ ಅದನ್ನು ನೋಡುವ ವಿನೋದ. ಬೆಕ್ಕಿಗೆ ಮಾತು ಬರುತ್ತದೆ, ಜಂಬವೂ ಬರುತ್ತದೆ!

ನಾವು ಕೇಳಿದ್ದು ಮೂರನೆಯ ಸಂಪುಟ. ನಾಲ್ಕನೆಯ ಅಂತಸ್ತೆಂದರೆ ರೈಲುದಾರಿಗಳ ಒಂದು ದೊಡ್ಡ ಗೋಜಲು. ಯಾವ ಗಾಡಿ ಎಲ್ಲಿಗೆ ಹೋಗುವುದೋ ತಿಳಿಯದು. ಕೆಳಗಿಳಿಯುವ ಮೆಟ್ಟಿಲು ಎಲ್ಲ ನಿಲ್ದಾಣಗಳಲ್ಲಿಯೂ ಇಲ್ಲ. ಗಡುವು ಮುಗಿದರೆ ಅಂತಸ್ತೇ ಕುಸಿಯುವುದು. ಖಂಡಾಳೆಯ ಸುರಂಗಗಳ ಕತ್ತಲೆಯಲ್ಲಿ ಇದನ್ನು ಕೇಳುವಾಗ ನಮ್ಮ ಗಾಡಿಯೂ ಆ ಗೋಜಲಿಗೆ ಸೇರಿತೋ ಎನಿಸಿತು. ಓದುವವನು ಜೆಫ್ ಹೇಸ್. ಬೆಕ್ಕು, ರಾಕ್ಷಸ, ಯಂತ್ರ ಎಲ್ಲಕ್ಕೂ ಬೇರೆ ಬೇರೆ ದನಿ. ನಮ್ಮ ಹರಿಕಥೆಯ ದಾಸರು ಒಬ್ಬರೇ ರಾಮನೂ ರಾವಣನೂ ಆಗುತ್ತಿದ್ದರಲ್ಲವೇ? ಬೈಗುಳ, ರಕ್ತಪಾತ ಧಾರಾಳ; ಚಿಕ್ಕ ಮಕ್ಕಳ ಕಿವಿಗೆ ತಕ್ಕುದಲ್ಲ. ಅವಸರದ ಇಂಗ್ಲಿಷು ನನಗೆ ಅರ್ಧ ತಿಳಿಯಲಿಲ್ಲ. ಮಗ ಮತ್ತೆ ಮತ್ತೆ ನಿಲ್ಲಿಸಿ, ತಡವರಿಸುತ್ತ ಕನ್ನಡದಲ್ಲಿ ಹೇಳಿದ. ಪುಣೆ ಬಂದದ್ದೇ ತಿಳಿಯಲಿಲ್ಲ.

ಬೆಳಗಿಗೆ ಮೀರಜ. ಮೀಟರ್‌ಗೇಜಿನ ಕಾಲದಲ್ಲಿ ಹಾಸಿಗೆ, ಟ್ರಂಕು ಹೊತ್ತು ಇಲ್ಲಿ ಗಾಡಿ ಬದಲಿಸುತ್ತಿದ್ದ ನನ್ನ ಕಥೆಯನ್ನು ಅವನೂ ಕೇಳಿದ. ಬೆಳಗಾವಿಯಲ್ಲಿ ಚಹಾ, ಲೋಂಡೆಯ ಕಾಡು, ಅಳ್ನಾವರ; ಊಟದ ಹೊತ್ತಿಗೆ ಮನೆ.

ಆ ರಾತ್ರಿ ಅಜ್ಜಿಯೇ ಕೇಳಿದಳು, “ಅದೇನೋ ಕಿವ್ಯಾಗ ಕೇಳ್ತಿದ್ದೆಂತಲ್ಲೋ ತಮ್ಮಾ, ನನಗಷ್ಟು ಹೇಳು.” ಹುಡುಗ ಮೊದಲ ಹೆಜ್ಜೆಗೇ ಎಡವಿದ. ‘ಡಂಜನ್’ ಎಂಬುದಕ್ಕೆ ಅವನಲ್ಲಿ ಕನ್ನಡ ಮಾತಿರಲಿಲ್ಲ. ಮರಾಠಿಯ ‘ಭುಯಾರ’ ಎಂದ.

“ಅಂದ್ರ ಹಗೇವು ಇದ್ಧಂಗೇನು?”

“ಹಗೇವು ಅಂದ್ರೇನಜ್ಜಿ?”

ಈಗ ಹೇಳುವ ಸರದಿ ಅವಳದಾಯಿತು. ಅಂಗಳದಲ್ಲಿ ತೋಡಿ ಜೋಳ ತುಂಬುತ್ತಿದ್ದ ನೆಲದೊಳಗಿನ ಕಣಜ. ಬಾಯಿ ತೆರೆದೊಡನೆ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುವ ಭಯ. “ನಿನ್ನ ಕಾರ್ಲ್ ಗಾಳಿ ಆಡೂತನಕ ನಿಂತಿದ್ನೋ, ಹಂಗ ಇಳಿದ್ನೋ?” ಮಗ ನಕ್ಕ, “ಹಂಗ ಇಳಿದಾನಜ್ಜಿ!” ಎಂದ. ಹನ್ನೊಂದು ಗಂಟೆಯಾದರೂ ಇಬ್ಬರೂ ಮಲಗಲಿಲ್ಲ. ನಾನು ದೀಪ ಆರಿಸಿದೆ. ಅವರಿಗೆ ಅದರ ಅಗತ್ಯವೇ ಇರಲಿಲ್ಲ.

ತಾಯಿಯ ಕಣ್ಣು ತಿರುಗಿ ಬಾರದು. ಆದರೆ ಈಗ ಭಾನುವಾರದ ಫೋನು ನನಗೆ ಬರುವುದಿಲ್ಲ. “ಹುಡುಗಗ ಕೊಡು. ಆ ಬೆಕ್ಕಿನ ಗತಿ ಏನಾತೋ ಕೇಳಬೇಕು,” ಎನ್ನುತ್ತಾಳೆ.