ಕೊಡಗಿನ ದಾಯಾದಿ ಜಗಳ, ಲಂಡನ್ನಿನ ಕಡತ

ಕ್ಯೂ ಗಾರ್ಡನ್ಸ್ ನಿಲ್ದಾಣದಲ್ಲಿ ಇಳಿದ ಪ್ರವಾಸಿಗರೆಲ್ಲ ಸಸ್ಯೋದ್ಯಾನದ ದಾರಿ ಹಿಡಿಯುತ್ತಾರೆ. ಹಳಿಯ ಇನ್ನೊಂದು ಬದಿಗೆ ನಡೆಯುವವರು ಬೇರೆಯೇ ಜಾತಿ: ಬಗಲಲ್ಲಿ ಲ್ಯಾಪ್‌ಟಾಪ್, ಬಾಯಲ್ಲಿ ಮುತ್ತಜ್ಜನ ಹೆಸರು. ಇಂಗ್ಲಿಷರಿಗಿರುವ ವಂಶಾವಳಿಯ ಹುಚ್ಚು ನಮ್ಮವರ ಜಾತಕದ ಹುಚ್ಚಿಗೆ ಏನೂ ಕಡಿಮೆಯಿಲ್ಲ. ನಾನೂ ಅವರ ಹಿಂದೆ ನಡೆದೆ. ಎದುರಿಗೊಂದು ಕೊಳ, ಅದರಾಚೆ 1977ರಲ್ಲಿ ಬಾಗಿಲು ತೆರೆದ ಕಾಂಕ್ರೀಟಿನ ಭಾರಿ ಕಟ್ಟಡ. ಅದೇ ನ್ಯಾಷನಲ್ ಆರ್ಕೈವ್ಸ್. ಕೋಟು, ಚೀಲ, ಪೆನ್ನು ಎಲ್ಲ ಲಾಕರಿಗೆ ಹೋಗಬೇಕು. ಓದುವ ಕೋಣೆಗೆ ಪೆನ್ಸಿಲ್ ಬರಬಹುದು, ರಬ್ಬರ್ ಬರುವಂತಿಲ್ಲ.

ಇಲ್ಲಿ ಮುತ್ತಜ್ಜನನ್ನು ಹುಡುಕುವವರು ಅವನ ಉಯಿಲಿನ ಬೆನ್ನು ಹತ್ತುತ್ತಾರೆ. 1858ರ ಜನವರಿಯವರೆಗೆ ಇಂಗ್ಲೆಂಡಿನಲ್ಲಿ ಉಯಿಲನ್ನು ಊರ್ಜಿತಗೊಳಿಸುತ್ತಿದ್ದದ್ದು ಸರ್ಕಾರವಲ್ಲ, ಚರ್ಚು. ಅಂಥ ಚರ್ಚು ನ್ಯಾಯಾಲಯಗಳು ಇನ್ನೂರಕ್ಕೂ ಹೆಚ್ಚಿದ್ದವು. ಎಲ್ಲಕ್ಕಿಂತ ಮೇಲಿನದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರದು. 1384ರಿಂದ ಅಲ್ಲಿ ನಕಲು ಮಾಡಿಟ್ಟ ಉಯಿಲುಗಳ ಸಂಪುಟಗಳೆಲ್ಲ ಈಗ ಕ್ಯೂನಲ್ಲಿವೆ. ಶೇಕ್ಸ್‌ಪಿಯರನ ಮೂರು ಹಾಳೆಯ ಉಯಿಲೂ ಇಲ್ಲೇ ಇದೆ. ಹೆಂಡತಿಗೆ ‘ಎರಡನೆಯ ಒಳ್ಳೆಯ ಮಂಚ’ ಬಿಟ್ಟುಹೋದ ಆ ಮಹಾಶಯನ ವಿಷಯ ಎತ್ತದೆ ಇಲ್ಲಿ ಯಾರೂ ಮಾತು ಮುಗಿಸುವುದಿಲ್ಲ. ವಿದೇಶದಲ್ಲಿ ಸತ್ತವರಿಗೆ ಇಂಗ್ಲೆಂಡಿನಲ್ಲಿ ಆಸ್ತಿಯಿದ್ದರೆ ಅವರ ಉಯಿಲೂ ಈ ನ್ಯಾಯಾಲಯಕ್ಕೇ ಬರಬೇಕಿತ್ತು. ಹಾಗಾಗಿ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬಿದ್ದ ಸೇನಾಧಿಕಾರಿಯ ಉಯಿಲನ್ನು ಹುಡುಕುವವರು ಮೊದಲು ಈ ಸಂಪುಟಗಳನ್ನೇ ನೋಡಬೇಕು. ಮದ್ರಾಸಿನಲ್ಲಿ ದಾಖಲಾದವು ಸೇಂಟ್ ಪ್ಯಾಂಕ್ರಾಸ್‌ನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸತ್ತವನ ಕುದುರೆ, ಕುರ್ಚಿ, ಅಂಗಿಗಳ ಪಟ್ಟಿ, ಹರಾಜಿನ ಲೆಕ್ಕ ಕೂಡ ಅಲ್ಲಿ ಸಿಗುತ್ತದೆ.

ನನ್ನನ್ನು ಕ್ಯೂಗೆ ಎಳೆದದ್ದು ಮಾತ್ರ ನಮ್ಮದೇ ಒಂದು ದಾಯಾದಿ ಜಗಳ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರಿಗೆ ಆ ದೊರೆ ಹೊಸಬನಲ್ಲ. 1834ರಲ್ಲಿ ಕೊಡಗನ್ನು ಕಳೆದುಕೊಂಡು, ವೆಲ್ಲೂರು, ಕಾಶಿಗಳಲ್ಲಿ ಸೆರೆಯ ಬಾಳು ಬಾಳಿ, 1852ರಲ್ಲಿ ಪುಟ್ಟ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಬಂದ. ಬಂದವನು ಸುಮ್ಮನೆ ಕೂರಲಿಲ್ಲ, ಈಸ್ಟ್ ಇಂಡಿಯಾ ಕಂಪನಿಯ ಮೇಲೆಯೇ ಚಾನ್ಸರಿ ನ್ಯಾಯಾಲಯದಲ್ಲಿ ದಾವೆ ಹೂಡಿದ. ದೊಡ್ಡಪ್ಪ ದೊಡ್ಡ ವೀರರಾಜೇಂದ್ರ ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ಹಣ ತನಗೆ ಬರಬೇಕು ಎಂಬುದು ಅವನ ವಾದ. ದೊಡ್ಡಪ್ಪ ಅದನ್ನು ಇಟ್ಟದ್ದು ಯಾರಿಗಾಗಿ? ಮಗಳು ದೇವಮ್ಮಾಜಿಗಾಗಿ. ಪಟ್ಟವೂ ಅವಳದೇ ಆಗಬೇಕಿತ್ತು. ಅದನ್ನು ಚಿಕ್ಕಪ್ಪ ಲಿಂಗರಾಜ ಕಸಿದುಕೊಂಡ. ಅವಳ ಪ್ರಾಣ ಹೋದದ್ದು ಲಿಂಗರಾಜನ ಮಗನಾದ ಈ ಚಿಕವೀರನ ಕಾಲದಲ್ಲಿ, ಅವನದೇ ಅಪ್ಪಣೆಯಿಂದ ಎನ್ನುತ್ತಾರೆ ಕೊಡಗಿನ ಚರಿತ್ರೆ ಬರೆದವರು. ತಾನೇ ಕೊಲ್ಲಿಸಿದವಳ ಪಾಲಿಗಾಗಿ ಸಮುದ್ರ ದಾಟಿ ಬಂದು ಕೋರ್ಟು ಹತ್ತುವ ಎದೆಗಾರಿಕೆಗೆ ಏನೆನ್ನಬೇಕು! ಕಂಪನಿ ಸಾಚಾ ಎಂದು ನಾನು ಹೇಳುತ್ತಿಲ್ಲ. ಅದು ಕೊಡಗನ್ನೇ ನುಂಗಿತ್ತು.

ದೊರೆ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. 1860ರಲ್ಲಿ ಬಂದ ತೀರ್ಪು ಕಂಪನಿಯ ಕೈಹಿಡಿಯಿತು: ಒಂದು ರಾಜ್ಯ ಇನ್ನೊಂದರ ಮೇಲೆ ಯುದ್ಧ ಮಾಡಿ ವಶಪಡಿಸಿಕೊಂಡ ಸ್ವತ್ತು ನ್ಯಾಯಾಲಯದ ವಿಚಾರಣೆಗೆ ಬರುವುದಿಲ್ಲ. ಚಾನ್ಸರಿಯ ಕಡತಗಳೂ ಕ್ಯೂನಲ್ಲೇ ಇರುವುದರಿಂದ ಉಯಿಲು ಹುಡುಕುವವರು ಅವನ್ನೂ ಜಾಲಾಡುತ್ತಾರೆ. ಆಸ್ತಿಗಾಗಿ ಬಡಿದಾಡಿದ ಮನೆತನಗಳು ಉಯಿಲಿನಲ್ಲಿ ಬರೆಯದ್ದನ್ನು ದಾವೆಯಲ್ಲಿ ಬಾಯಿಬಿಡುತ್ತವೆ ಎಂಬುದು ಅವರ ಅನುಭವ.

ಕ್ಯೂನಿಂದ ಡಿಸ್ಟ್ರಿಕ್ಟ್ ಲೈನ್ ರೈಲು ಹಿಡಿದು, ಅರ್ಲ್ಸ್ ಕೋರ್ಟ್‌ನಲ್ಲಿ ಬದಲಿಸಿ ವೆಸ್ಟ್ ಬ್ರಾಂಪ್ಟನ್‌ಗೆ ಬಂದರೆ ನಿಲ್ದಾಣದ ಮಗ್ಗುಲಲ್ಲೇ ಬ್ರಾಂಪ್ಟನ್ ಸ್ಮಶಾನ. ಗೌರಮ್ಮನ ಸಮಾಧಿ ಇರುವುದು ಅಲ್ಲಿ. ತಂದೆಯದು ದೂರದ ಕೆನ್ಸಲ್ ಗ್ರೀನ್‌ನಲ್ಲಿ. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಕ್ರೈಸ್ತಳಾದ ಹುಡುಗಿ, 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ, ಮಗಳು ಎಡಿತ್‌ಳನ್ನು ಹೆತ್ತು, 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ ಹೋದಳು. ಅಷ್ಟರಲ್ಲಿ ಉಯಿಲು ಊರ್ಜಿತಗೊಳಿಸುವ ಕೆಲಸ ಚರ್ಚಿನಿಂದ ಸರ್ಕಾರದ ಕೈಗೆ ಬಂದಿತ್ತು. ಆ ವರ್ಷ ಉಯಿಲು ಊರ್ಜಿತವಾದವರ ಅಚ್ಚಾದ ಸೂಚಿಯನ್ನು ಈಗ ಯಾರು ಬೇಕಾದರೂ ತೆರೆದು ನೋಡಬಹುದು. ಅದರಲ್ಲಿ ಗಂಡನುಳ್ಳ ಹೆಂಗಸರು ವಿರಳ. ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಉಯಿಲು ಬರೆಯಲು ಇಂಗ್ಲೆಂಡಿನ ಕಾನೂನು ಪೂರ್ತಿ ದಾರಿ ಬಿಟ್ಟದ್ದು 1882ರ ಕಾಯ್ದೆಯಲ್ಲಿ, ಗೌರಮ್ಮ ಸತ್ತು ಹದಿನೆಂಟು ವರ್ಷದ ಮೇಲೆ.