ಎಂಟು ಟಿಬಿ ಡಿಸ್ಕ್, ಎರಡೇ ಟಿಬಿ ಜಾಗ

ನಮ್ಮ ಗುಂಪಿನ ವಿಡಿಯೋಗಳೆಲ್ಲ ಇರುವುದು ಸೆಕೆಂಡ್‌ಹ್ಯಾಂಡ್ ಟವರ್ ಸರ್ವರ್ ಒಂದರಲ್ಲಿ. ಅದರ ಮೇಲೆ ಪ್ರಾಕ್ಸ್‌ಮಾಕ್ಸ್ ಹಾಕಿ, ಒಂದು ವರ್ಚುವಲ್ ಮಷೀನಿನಲ್ಲಿ ಸುದ್ದಿ ದಾಸ್ತಾನು, ಇನ್ನೊಂದರಲ್ಲಿ ಎಡಿಟಿಂಗ್‌ಗೆ ಬೇಕಾದ ಚಿಲ್ಲರೆ ಕೆಲಸ ನಡೆಸುತ್ತೇವೆ. ಜಾಗ ತುಂಬಿದಾಗಲೆಲ್ಲ ಬರುವ ಪ್ರಶ್ನೆ ಒಂದೇ: ಯಾವುದನ್ನು ಅಳಿಸೋಣ? ಚಾನೆಲ್‌ನವರಿಗೆ ನಲವತ್ತು ಸೆಕೆಂಡು ಸಾಕು. ಆದರೆ 2019ರ ಆಗಸ್ಟ್ ಪ್ರವಾಹದಲ್ಲಿ ತೆಗೆದ ಉಳಿದ ಎರಡು ತಾಸಿನಲ್ಲಿ ಬಿದ್ದ ಗೋಡೆಗಳಿವೆ. ಪರಿಹಾರ ಸಿಗದವರು ಈಗಲೂ ‘ನಮ್ಮ ಮನೀದು ಐತೇನ್ರಿ’ ಅಂತ ಕೇಳಿಕೊಂಡು ಬರುತ್ತಾರೆ. ಅದನ್ನು ಅಳಿಸಲು ಯಾರಿಗೂ ಕೈ ಬರಲಿಲ್ಲ. ಚಂದಾ ಎತ್ತಿ 8 ಟಿಬಿ ಡಿಸ್ಕ್ ತಂದೆವು.

ಹಾಕಿದರೆ ತೋರಿಸಿದ್ದು 2.2 ಟಿಬಿ. ನಕಲಿ ಮಾಲಿರಬಹುದು ಎಂಬ ಅನುಮಾನ. ಬೇರೆ ಡೆಸ್ಕ್‌ಟಾಪಿಗೆ ಸಿಕ್ಕಿಸಿದಾಗ ಎಂಟೂ ಕಾಣಿಸಿತು. ಅಂಗಡಿಯವ ಬಚಾವ್.

ಆ 2.2 ಎಂಬ ಅಂಕಿಯೇ ಸುಳಿವು. ಹಳೆಯ ರೇಡ್ ಕಾರ್ಡುಗಳು ಡಿಸ್ಕಿನ ತುಣುಕುಗಳನ್ನು 32 ಬಿಟ್‌ನಲ್ಲಿ ಎಣಿಸುತ್ತವೆ. ಅಂದರೆ 4,29,49,67,296 ತುಣುಕು, ಒಂದೊಂದು 512 ಬೈಟ್. ಗುಣಿಸಿದರೆ ಸರಿಯಾಗಿ ಅಷ್ಟೇ. ಅದರಾಚೆಗೆ ಎಣಿಸಲು ಕಾರ್ಡಿಗೆ ಬೆರಳಿಲ್ಲ. ಸಾಫ್ಟ್‌ವೇರ್‌ನಲ್ಲಿ ಎಷ್ಟು ತಿಣುಕಿದರೂ ಇದಕ್ಕೆ ಮದ್ದಿಲ್ಲ. ಯಾರೂ ಬಳಸದ ಡಿವಿಡಿ ಡ್ರೈವ್ ಬಿಚ್ಚಿ, ಅದರ ಸಾಟಾ ಕೇಬಲ್ಲನ್ನೇ ಹೊಸ ಡಿಸ್ಕಿಗೆ ಕೊಟ್ಟೆವು. ಕಾರ್ಡ್ ಪಕ್ಕಕ್ಕೆ ಸರಿಯಿತು, ಡಿಸ್ಕ್ ನೇರ ಮದರ್‌ಬೋರ್ಡಿಗೆ. ಈಗ ಪರದೆಯ ಮೇಲೆ 7.28. ಇದು ಮೋಸವಲ್ಲ. ಕಂಪನಿಯ ಟಿಬಿ ಸಾವಿರದ ಲೆಕ್ಕ, ಯಂತ್ರದ್ದು 1024ರ ಲೆಕ್ಕ.

ಇದೇ ಗೋಡೆ ವರ್ಚುವಲ್ ಮಷೀನಿನ ಒಳಗೂ ಇದೆ. ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಪಟ್ಟಿಯೂ 32 ಬಿಟ್‌ನದೇ. ಹಾಗಾಗಿ ಮೊದಲೇ ಜಿಪಿಟಿ ಆರಿಸಿಕೊಂಡು 6 ಟಿಬಿಯ ವರ್ಚುವಲ್ ಡಿಸ್ಕ್ ಮಾಡಿದೆವು. ಪೂರ್ತಿ ಕೊಡಲಿಲ್ಲ. ಥಿನ್ ಪೂಲ್ ತುಂಬಿದರೆ ಮಷೀನ್ ಬರೆಯುತ್ತಿರುವಾಗಲೇ ಎರರ್ ಕೊಡುತ್ತದೆ, ಫೈಲ್ ಕೆಡಬಹುದು. ಒಳಗೆ ಫೈಲ್ ಅಳಿಸಿದ ಮಾತ್ರಕ್ಕೆ ಹೊರಗಿನ ಜಾಗ ವಾಪಸ್ ಬರುವುದೂ ಇಲ್ಲ. ಡಿಸ್ಕಿನ ಸೆಟ್ಟಿಂಗ್‌ನಲ್ಲಿ ಡಿಸ್‌ಕಾರ್ಡ್ ಟಿಕ್ ಇರಬೇಕು, ಒಳಗೆ ಆಗಾಗ ಎಫ್‌ಎಸ್‌ಟ್ರಿಮ್ ಓಡಬೇಕು. ಖಾತೆ ಉತಾರದಿಂದ ಹೆಸರು ತೆಗೆಸಿದಂತೆ, ಗದ್ದೆ ಬಿಟ್ಟರೆ ಸಾಲದು, ದಾಖಲೆಯಲ್ಲೂ ಬಿಡಬೇಕು.

ಹೆಚ್ಚು ತಲೆಕೆಡಿಸಿದ್ದು ಬ್ಯಾಕಪ್. ಪ್ರಾಕ್ಸ್‌ಮಾಕ್ಸ್‌ನ ರಾತ್ರಿ ಬ್ಯಾಕಪ್ ಮಷೀನಿಗೆ ಅಂಟಿದ ಎಲ್ಲ ಡಿಸ್ಕನ್ನೂ ಸೇರಿಸಿಕೊಳ್ಳುತ್ತದೆ. ಟಿಬಿಗಟ್ಟಲೆ ವಿಡಿಯೋ ಹೋಗಿ ಚಿಕ್ಕ ಬ್ಯಾಕಪ್ ಡಿಸ್ಕಿಗೆ ಬಿದ್ದರೆ ಎಲ್ಲವೂ ನಿಲ್ಲುತ್ತದೆ. ಹೊಸ ಡಿಸ್ಕಿನ ಮುಂದಿನ ಬ್ಯಾಕಪ್ ಟಿಕ್ ತೆಗೆದೆವು. ತೆಗೆದ ಮೇಲೆ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕಲ್ಲ! ಪ್ರವಾಹದ ಕಡತವನ್ನಷ್ಟೇ ಪ್ರತ್ಯೇಕ ಡಿಸ್ಕಿಗೆ ತುಂಬಿ, ಇನ್ನೊಂದು ತಾಲ್ಲೂಕಿನಲ್ಲಿರುವ ಗೆಳೆಯರ ಮನೆಯಲ್ಲಿಡುತ್ತೇವೆ.

ಸುದ್ದಿ ತುಂಬುವ ಮೊದಲು ಡಿಸ್ಕಿನ ಮೇಲೆ ಪೂರ್ತಿ ಒಮ್ಮೆ ಬರೆಸಿ ಪರೀಕ್ಷಿಸಿದೆವು. ಬರೆಯಲಿಕ್ಕೇ ಹದಿನಾಲ್ಕು ತಾಸು ಹಿಡಿಯಿತು, ಓದಿ ನೋಡಲು ಹೆಚ್ಚುಕಡಿಮೆ ಅಷ್ಟೇ. ನಡುವೆ ಕರೆಂಟ್ ಎರಡು ಸಲ ಹೋಯಿತು, ಯುಪಿಎಸ್ ತಡೆಯಿತು. ಈಗ ಹಳೆಯ ಮೆಮೊರಿ ಕಾರ್ಡುಗಳನ್ನು ಒಂದೊಂದಾಗಿ ಇಳಿಸುತ್ತಿದ್ದೇವೆ. ಊರಿನ ಹೆಸರು, ದಿನಾಂಕ ಹಾಕಿಯೇ ಫೋಲ್ಡರ್.