ಇಳಿಯಲೊಲ್ಲದ ತೂಕ

ತೂಕ ಇಳಿಸಲು ಹೊರಟವರಿಗೆ ಮೊದಲ ತಿಂಗಳಷ್ಟು ಸುಖದ ಕಾಲ ಬೇರೊಂದಿಲ್ಲ. ಸಕ್ಕರೆ ಬಿಟ್ಟ ವಾರಕ್ಕೇ ಒಂದೂವರೆ ಕಿಲೋ ಹೋಗಿರುತ್ತದೆ, ಮುಂದಿನ ವಾರ ಇನ್ನೊಂದು. ಪ್ಯಾಂಟು ಸಡಿಲವಾಗುತ್ತದೆ, ಅದರ ಜೊತೆ ನಾಲಿಗೆಯೂ. ಸಿಕ್ಕಸಿಕ್ಕವರಿಗೆಲ್ಲ ರಾತ್ರಿ ಊಟ ಬಿಡುವುದರ ಮಹಿಮೆಯನ್ನು ಬೋಧಿಸುವುದು ಶುರು. ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ಬಂದರೆ ‘ನಂಗೆ ಬೇಡಪ್ಪಾ’ ಎಂಬುದನ್ನು ಆಚೆ ಸೆಕ್ಷನ್ನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾರೆ. ಇದೇ ಲೆಕ್ಕದಲ್ಲಿ ಹೋದರೆ ಯುಗಾದಿಗೆ ಎಷ್ಟಾದೀತು, ಗಣೇಶನ ಹಬ್ಬಕ್ಕೆ ಎಷ್ಟಾದೀತು ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ತ್ರೈರಾಶಿ ಹಾಕುತ್ತಾರೆ. ಆ ತ್ರೈರಾಶಿಯನ್ನು ಪೂರ್ತಿ ನಂಬಿದರೆ ಎರಡು ವರ್ಷಕ್ಕೆ ಮನುಷ್ಯ ಭೂಮಿಯ ಮೇಲೆ ಇರಲೇಬಾರದು.

ಹಾಗೇನೂ ಆಗುವುದಿಲ್ಲ. ಮೂರನೆಯ ತಿಂಗಳೋ ಆರನೆಯ ತಿಂಗಳೋ, ಒಂದು ಬೆಳಗ್ಗೆ ಅಂಕಿ ನಿಂತುಬಿಡುತ್ತದೆ. ಅದೇ ನಡಿಗೆ, ಅದೇ ಎರಡು ಚಪಾತಿ, ಅದೇ ಸಪ್ಪೆ ಕಾಫಿ. ಮೆಷಿನ್ ಮಾತ್ರ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಜಿಮ್ಮಿನವರು ಇದಕ್ಕೆ ‘ಪ್ಲಾಟೋ’ ಎನ್ನುತ್ತಾರೆ. ಮನೆಯವರು ‘ನಿಮ್ಮ ಮೈಯೇ ಅಂಥದ್ದು, ಬಿಡಿ’ ಎನ್ನುತ್ತಾರೆ.

ಮನೆಯವರನ್ನು ದೂರಿ ಫಲವಿಲ್ಲ. ತೆಳ್ಳಗಾಗುವವರಿಗೆ ಚಪ್ಪಾಳೆ ತಟ್ಟುವ ಸಂಪ್ರದಾಯವೇ ನಮ್ಮದಲ್ಲ. ಹತ್ತು ಕಿಲೋ ಇಳಿಸಿಕೊಂಡು ಎದೆಯುಬ್ಬಿಸಿ ಮದುವೆಮನೆಗೆ ಹೋಗಿ ನೋಡಿ. ಮೊದಲು ಸಿಗುವ ದೊಡ್ಡಮ್ಮ ಗಲ್ಲ ಹಿಡಿದು, ‘ಯಾಕೋ ಹಿಂಗೆ ಸೊರಗಿಹೋಗಿದ್ದೀಯಾ? ಶುಗರ್ ಏನಾದ್ರೂ ಬಂತಾ?’ ಎನ್ನುತ್ತಾರೆ. ಹಂಪಿಗೆ ಹೋದವರು ವಿಜಯವಿಠ್ಠಲ ದೇವಸ್ಥಾನದ ಸಮೀಪದ ತುಲಾಭಾರವನ್ನು ನೋಡಿರುತ್ತೀರಿ: ಎರಡು ಕಲ್ಲುಕಂಬ, ಮೇಲೊಂದು ಕಲ್ಲಿನ ತೊಲೆ, ತಕ್ಕಡಿ ತೂಗುಹಾಕಲು ಬಳೆಗಳು. ವಿಜಯನಗರದ ಅರಸರು ಅಲ್ಲಿ ತಮ್ಮ ತೂಕಕ್ಕೆ ಸಮನಾಗಿ ಚಿನ್ನ ಬೆಳ್ಳಿ ತೂಗಿಸಿ ದಾನ ಕೊಡುತ್ತಿದ್ದರಂತೆ. ಅಂಥ ಅರಸ ಬೆಳಗಿನ ವಾಯುವಿಹಾರ ಶುರುಮಾಡಿದರೆ ನಷ್ಟ ಯಾರಿಗೆಂದು ಬೇರೆ ಹೇಳಬೇಕೆ? ದಾನಕ್ಕೆ ಕಾದು ಕೂತವರು ದಿನವೂ ಅವನಿಗೆ ಹೋಳಿಗೆ ತುಪ್ಪ ಬಡಿಸಿ ಎಂದೇ ಹರಸಿರುತ್ತಾರೆ.

ನಮ್ಮ ಭಾವ ಅರಸರಲ್ಲ, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅಂಕಿಯ ಮೇಲೆ ಅವರಿಗೆ ಅಪಾರ ಭಕ್ತಿ. ಅವರು ತೂಕ ನೋಡಿಕೊಳ್ಳುವುದನ್ನು ನೋಡಬೇಕು. ಸಮಯ, ಬಚ್ಚಲಿಗೆ ಹೋಗಿ ಬಂದ ನಂತರ, ಕಾಫಿಗೆ ಮುಂಚೆ. ಮೊದಲು ವಾಚು ಬಿಚ್ಚುತ್ತಾರೆ. ಆಮೇಲೆ ಉಂಗುರ. ಕನ್ನಡಕವೂ ಹೊರೆಯೇ ಎಂದು ತೆಗೆದಿಡುತ್ತಾರೆ. ಅದಿಲ್ಲದೆ ಅಂಕಿ ಕಾಣುವುದಿಲ್ಲವಾದ್ದರಿಂದ ಓದಿ ಹೇಳಲು ಅಕ್ಕನನ್ನು ಕೂಗುತ್ತಾರೆ. ಉಸಿರೆಲ್ಲ ಹೊರಗೆ ಬಿಟ್ಟು, ಕಣ್ಣುಮುಚ್ಚಿ ಮೆಷಿನ್ ಹತ್ತುತ್ತಾರೆ.

‘ಎಂಬತ್ತೆರಡು ಪಾಯಿಂಟ್ ನಾಲ್ಕು.’

‘ನಿನ್ನೇನೂ ಅಷ್ಟೇ ಇತ್ತಲ್ವೇನೇ?’

‘ಹೋದ ತಿಂಗಳೂ ಅಷ್ಟೇ ಇತ್ತು ರೀ.’

ದೇವರಮನೆ ಮುಂದಿನ ಕಡಪ ಕಲ್ಲಿಗಿಂತ ಹಾಲಿನ ಮೊಸಾಯಿಕ್ ಮೇಲೆ 200 ಗ್ರಾಂ ಕಡಿಮೆ ತೋರಿಸುತ್ತದೆ ಎಂದು ಕಂಡುಕೊಂಡ ದಿನದಿಂದ ಆ ಮೆಷಿನ್ನಿನ ಕಾಯಂ ವಿಳಾಸ ಹಾಲು. ಸೋಫಾದ ಪಕ್ಕ ಒಮ್ಮೆ, ಕಿಟಕಿಯ ಕೆಳಗೆ ಒಮ್ಮೆ ಇಟ್ಟು ಹತ್ತುತ್ತಾರೆ. ‘ಹತ್ತಿ ಇಳಿದು ಮಾಡಿದ್ರೆ ಮಂಡಿ ನೋವು ಬರತ್ತೆ, ತೂಕ ಇಳಿಯಲ್ಲ. ಉಪ್ಪಿಟ್ಟು ಆರ್ತಿದೆ ಬನ್ನಿ’ ಎಂದು ಅಕ್ಕ ಒಳಗೆ ಹೋಗುತ್ತಾಳೆ.

ಭಾವನನ್ನು ಮೀರಿಸಿದ ಮಹಾಶಯ ಒಬ್ಬ ಇದ್ದ. ಇಟಲಿಯ ವೈದ್ಯ ಸಾಂಟೋರಿಯೊ, ಗೆಲಿಲಿಯೋನ ಸಮಕಾಲೀನ. ಅವನು ದೊಡ್ಡ ತಕ್ಕಡಿಯೊಂದಕ್ಕೆ ಕುರ್ಚಿ ತೂಗುಹಾಕಿಸಿ, ಉಣ್ಣುವ ಮೊದಲು, ಉಂಡ ಮೇಲೆ, ಶೌಚಕ್ಕೆ ಹೋಗಿ ಬಂದ ಮೇಲೆ, ಹೀಗೆ ಸುಮಾರು 30 ವರ್ಷ ತನ್ನನ್ನೇ ತೂಗಿಕೊಂಡ. 1614ರಲ್ಲಿ ಆ ಕುರಿತು ಪುಸ್ತಕವನ್ನೂ ಬರೆದ. ದಿನಕ್ಕೆ 8 ಪೌಂಡು ತಿಂದು ಕುಡಿದರೆ ಅದರಲ್ಲಿ 5 ಪೌಂಡು ಕಣ್ಣಿಗೆ ಕಾಣದೆ ಚರ್ಮದಿಂದಲೂ ಉಸಿರಿನಿಂದಲೂ ಆವಿಯಾಗಿ ಹೋಗುತ್ತದೆ ಎಂಬುದು ಅವನ ಲೆಕ್ಕ. ನಮಗೆ ಬೇಕಾದ ಪಾಠ ಇಲ್ಲೇ ಇದೆ. ಮೆಷಿನ್ ತೋರಿಸುವುದು ಕೊಬ್ಬನ್ನಷ್ಟೇ ಅಲ್ಲ. ನೀರು, ಉಪ್ಪು, ನಿನ್ನೆಯ ಹುಳಿಯನ್ನ ಎಲ್ಲ ಸೇರಿದ ಒಟ್ಟು ಮೊತ್ತವನ್ನು. ನಾಮಕರಣದ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಾರಿಸಿದರೆ ಆ ಉಪ್ಪು ನೀರನ್ನು ಹಿಡಿದಿಟ್ಟು ಮರುದಿನ ಒಂದು ಕಿಲೋ ಜಾಸ್ತಿ ತೋರಿಸುತ್ತದೆ. ಹೆಂಗಸರಿಗೆ ತಿಂಗಳ ದಿನಗಳಲ್ಲೂ ಹೀಗಾಗುವುದುಂಟು. ಅದು ಕೊಬ್ಬೆಂದು ಅಳಬೇಕಾಗಿಲ್ಲ. ಒಂದು ಕಿಲೋ ಕೊಬ್ಬು ಸೇರಬೇಕಾದರೆ ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಒಂದೇ ರಾತ್ರಿಯಲ್ಲಿ ಅಷ್ಟು ತಿನ್ನುವುದು ಬಕಾಸುರನಿಗೋ, ಅವನ ಊಟವನ್ನೇ ತಿಂದ ಭೀಮನಿಗೋ ಮಾತ್ರ ಸಾಧ್ಯ.

ಮೊದಲ ತಿಂಗಳ ಸಂಭ್ರಮದ ಗುಟ್ಟೂ ನೀರೇ. ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟ ದಾಸ್ತಾನಿರುತ್ತದೆ, ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು. ಊಟ ಕಡಿಮೆ ಮಾಡಿದೊಡನೆ ದಾಸ್ತಾನು ಖಾಲಿ, ನೀರೂ ಖಾಲಿ. ನಾವು ಕೊಬ್ಬೇ ಹೋಯಿತೆಂದು ಹಿಗ್ಗುತ್ತೇವೆ. ಕೊಬ್ಬಿನ ಸರದಿ ಬಂದಾಗ ವೇಗ ತಾನಾಗಿ ಇಳಿಯುತ್ತದೆ.

ಅಲ್ಲಿಂದಾಚೆಗೆ ಮೈ ತನ್ನ ಜಿಪುಣತನ ತೋರಿಸತೊಡಗುತ್ತದೆ. ಸಂಬಳ ಅರ್ಧವಾದ ಮನೆಯ ಯಜಮಾನಿ ಒಂದೊಂದೇ ಖರ್ಚಿಗೆ ಕತ್ತರಿ ಹಾಕುವಂತೆ ಅದು ಕಾರ್ಯಭಾರ ನಡೆಸುತ್ತದೆ. ಮೈ ಹಗುರಾಗಿರುವುದರಿಂದ ಅದೇ ದೂರ ನಡೆಯಲು ಕಡಿಮೆ ಶಕ್ತಿ ಸಾಕು. ಸುಮ್ಮನೆ ಕೂತಾಗಿನ ಖರ್ಚೂ ಇಳಿದಿರುತ್ತದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಇದಕ್ಕೊಂದು ಅಂದಾಜು ಕೊಟ್ಟರು: ಒಂದೊಂದು ಕಿಲೋ ಇಳಿದಾಗಲೂ ದೇಹದ ದಿನದ ಖರ್ಚು 20ರಿಂದ 30 ಕ್ಯಾಲೊರಿ ತಗ್ಗುತ್ತದೆ, ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಹತ್ತು ಕಿಲೋ ಇಳಿಸಿದವರ ಹೊಟ್ಟೆ ದಿನವೂ ಸಾವಿರ ಕ್ಯಾಲೊರಿಯ ಬೇಡಿಕೆಪಟ್ಟಿ ಹಿಡಿದು ನಿಂತಿರುತ್ತದೆ ಎಂದಾಯಿತು. ಅದನ್ನು ಎದುರಿಸಿ ತೂಕ ಏರದಂತೆ ನೋಡಿಕೊಂಡವರಿಗೆ ಮನೋಬಲವಿಲ್ಲ ಎನ್ನುವವರು ಒಂದು ವಾರ ಆ ಹಸಿವಿನ ಜೊತೆ ಸಂಸಾರ ಮಾಡಿ ನೋಡಲಿ.

ತೂಕ ನಿಂತಿತೆಂದು ಬಾಯಿಬಿಟ್ಟರೆ ಸಲಹೆಗೆ ಬರವಿಲ್ಲ. ಸುಮಾರು 300 ಕೋಟಿ ವರ್ಷದಿಂದ ಕೂತಲ್ಲೇ ಕೂತಿರುವ ಲಾಲ್‌ಬಾಗಿನ ಬಂಡೆಯ ಮೇಲೆ ಬೆಳಗ್ಗೆ ಆರೂವರೆಗೆ ಹೋದರೆ ಸಲಹೆಗಾರರ ಪೂರ್ಣ ಪೀಠವೇ ಸಿಗುತ್ತದೆ. ಒಬ್ಬರದು ಬೂದುಗುಂಬಳದ ರಸ. ಇನ್ನೊಬ್ಬರದು ನೆನೆಸಿದ ಮೆಂತ್ಯ. ಮತ್ತೊಬ್ಬರು ‘ಅನ್ನ ಬಿಡಿ ಸಾರ್, ಮುದ್ದೆ ಹಿಡೀರಿ’ ಎನ್ನುತ್ತಾರೆ. ಮುದ್ದೆಯ ಮೇಲೆ ನನಗೂ ಗೌರವವಿದೆ. ನಾರಿದೆ, ಸುಣ್ಣದ ಅಂಶವಿದೆ, ಹೊತ್ತು ತಡೆಯುತ್ತದೆ. ಆದರೆ 100 ಗ್ರಾಂ ರಾಗಿಗೆ 320, ಅಕ್ಕಿಗೆ 350ರ ಆಸುಪಾಸು ಕ್ಯಾಲೊರಿ. ರಾಗಿ ತಾನೇ ಎಂದು ಎರಡನೆಯ ಮುದ್ದೆಗೆ ಬಸ್ಸಾರು ಬಿಡಿಸಿಕೊಂಡರೆ ಅನ್ನವೇ ವಾಸಿಯಿತ್ತು. ಈ ಪೀಠ ಕಲಾಪ ಮುಗಿಸಿ ನೇರ ಹೋಗುವುದು ದರ್ಶಿನಿಗೆ. ಒಂದು ಗಂಟೆ ನಡೆದು ಕರಗಿಸಿದ ಇನ್ನೂರು ಇನ್ನೂರೈವತ್ತು ಕ್ಯಾಲೊರಿಯನ್ನು ಒಂದು ಬೆಣ್ಣೆ ಮಸಾಲೆ ದೋಸೆ ಹತ್ತು ನಿಮಿಷದಲ್ಲಿ ಬಡ್ಡಿಸಮೇತ ವಾಪಸು ಕೊಡುತ್ತದೆ.

ಭಾವನ ಪ್ರಕರಣದಲ್ಲಿ ಆಡಿಟ್ ಮಾಡಿದವಳು ಅಕ್ಕ. ‘ಏನೂ ತಿನ್ನಲ್ಲ, ಆದ್ರೂ ಇಳಿಯಲ್ಲ’ ಎಂದು ಅವರು ಗೊಣಗಿದಾಗ ಬೆರಳು ಮಡಚಿದಳು. ‘ಕಾಫಿಗೆ ಸಕ್ಕರೆ ಬೇಡ ಅಂದ್ರಿ, ಈಗ ಅರ್ಧ ಚಮಚ ಅಂತೀರಿ. ಚಟ್ನಿಪುಡಿಗೆ ಎಣ್ಣೆ ನೀವೇ ಹಾಕ್ಕೊಳ್ತೀರಿ. ಮಗು ಬಿಟ್ಟ ಬಿಸ್ಕತ್ತು ಯಾರ ಹೊಟ್ಟೇಗೆ ಹೋಗತ್ತೆ? ಧಾರಾವಾಹಿ ನೋಡ್ತಾ ಕಡಲೆಕಾಯಿ ಡಬ್ಬಿ ಖಾಲಿ ಮಾಡೋದು ಯಾರು?’ ಭಾವನಿಗೆ ಉತ್ತರವಿರಲಿಲ್ಲ. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ, ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ 170. ಇದರಲ್ಲಿ ಭಾವ ಒಬ್ಬರೇ ಇಲ್ಲ. ‘ಎಷ್ಟು ಕಡಿಮೆ ತಿಂದರೂ ಇಳಿಯದು’ ಎನ್ನುತ್ತಿದ್ದ ಕೆಲವರನ್ನು ಅಮೆರಿಕದಲ್ಲಿ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರು ತಾವು ತಿಂದದ್ದರಲ್ಲಿ ಸರಾಸರಿ ಅರ್ಧದಷ್ಟನ್ನೇ ಬರೆದುಕೊಂಡಿದ್ದರು, ಮಾಡಿದ ವ್ಯಾಯಾಮವನ್ನು ಒಂದಕ್ಕೆ ಒಂದೂವರೆ ಮಾಡಿದ್ದರು. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಬೇಕಿಲ್ಲ. ನಿಂತು ತಿಂದದ್ದು, ರುಚಿ ನೋಡಿದ್ದು, ಪ್ರಸಾದವೆಂದು ಬಾಯಿಗೆ ಹಾಕಿಕೊಂಡದ್ದು ಯಾವ ಖಾತೆಗೂ ಹೋಗುವುದಿಲ್ಲ.

ಪಂಚಾಂಗವೂ ನಮ್ಮ ಪರವಾಗಿಲ್ಲ. ಶ್ರಾವಣ ಬಂದರೆ ವರಮಹಾಲಕ್ಷ್ಮಿಯ ಹೋಳಿಗೆ, ಹಿಂದೆಯೇ ಗೌರಿ ಗಣೇಶನ ಕಡುಬು ಚಕ್ಕುಲಿ, ನವರಾತ್ರಿಯ ಚರುಪು, ದೀಪಾವಳಿಯ ಡಬ್ಬಿಗಳು. ಉಸಿರು ಬಿಡುವಷ್ಟರಲ್ಲಿ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅದು ಮುಗಿದರೆ ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರಿಗೆ ಬೆನ್ನು ತಿರುಗಿಸಿದವನು ಸಂನ್ಯಾಸ ಸ್ವೀಕರಿಸಲು ಯೋಗ್ಯ. ಏಕಾದಶಿಯ ಉಪವಾಸಕ್ಕೆ ಅವಲಕ್ಕಿ, ಸಜ್ಜಿಗೆ, ಹಣ್ಣು, ಹಾಲು ಸೇರಿ ಮಾಮೂಲಿ ಊಟವೇ ಅಗ್ಗವಾಗುತ್ತದೆ. ಇಂಥ ನಾಡಿನಲ್ಲಿ ಆಗಸ್ಟಿನಿಂದ ಜನವರಿಯವರೆಗೆ ತೂಕ ಏರದೆ ನಿಂತರೆ ಅದನ್ನು ಸೋಲೆಂದು ಬರೆದುಕೊಳ್ಳುವುದು ಅನ್ಯಾಯ.

ನಿಲ್ಲುವುದು ಎಷ್ಟು ಕಷ್ಟವೆಂದು ತಿಳಿಯಬೇಕಾದರೆ ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ಟಿವಿ ಸ್ಪರ್ಧೆಯವರ ಕಥೆ ಕೇಳಬೇಕು. ಕ್ಯಾಮೆರಾ ಎದುರು ಬೆವರು ಸುರಿಸಿ ತಲಾ ಸರಾಸರಿ 58 ಕಿಲೋ ಇಳಿಸಿದ 14 ಮಂದಿಯನ್ನು ಅದೇ ಹಾಲ್ ತಂಡ ಆರು ವರ್ಷದ ನಂತರ ಪರೀಕ್ಷಿಸಿತು. ಸರಾಸರಿ 41 ಕಿಲೋ ವಾಪಸು ಬಂದಿತ್ತು. ಮೈಯ ಖರ್ಚು ಮಾತ್ರ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಉಳಿದಿತ್ತು. ಇಳಿಸುವ ಕಲೆಯಲ್ಲಿ ಅವರು ಪಾರಂಗತರು. ನಿಂತಲ್ಲಿ ನಿಲ್ಲುವುದನ್ನು ಆ ಸ್ಪರ್ಧೆ ಅವರಿಗೆ ಕಲಿಸಿರಲಿಲ್ಲ. ನಿಂತವರನ್ನು ಟಿವಿಯಲ್ಲಿ ಯಾರು ನೋಡುತ್ತಾರೆ?

ಆದ್ದರಿಂದ ಭಾವನಿಗೆ ನಾನು ಹೇಳಿದ್ದು ಇಷ್ಟೇ: ‘ಎಂದಾದರೂ ಒಂದು ದಿನ ಇಳಿಯೋದು ನಿಲ್ಲಲೇಬೇಕು ಭಾವ. ಆಮೇಲೆ ಉಳಿದ ಆಯಸ್ಸಿಗೆಲ್ಲ ಇರೋದು ನಿಂತ ಅಂಕಿಯೇ. ಅದನ್ನ ಈಗಲೇ ಕಲೀತಿದ್ದೀರಿ ಅಂದ್ಕೊಳ್ಳಿ.’ ಭಾವ ಒಪ್ಪಲಿಲ್ಲ, ಬ್ಯಾಂಕಿನವರಿಗೆ ದಾಖಲೆ ಬೇಕು. ದಾಖಲೆ ನಮ್ಮ ದೇಶದ್ದೇ ಇದೆ. ಚೆನ್ನೈನ ಮಧುಮೇಹ ತಜ್ಞ ಡಾ. ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ 531 ಭಾರತೀಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡಿಗೆ ಮತ್ತು ಊಟದ ಹತೋಟಿಯನ್ನಷ್ಟೇ ಪಾಲಿಸಿದ ಗುಂಪಿನಲ್ಲಿ ಮಧುಮೇಹ ತಗಲುವ ಅಪಾಯ ಶೇ. 28.5ರಷ್ಟು ತಗ್ಗಿತು. ಆ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಮೆಷಿನ್ ಮೌನವಾಗಿದ್ದಾಗಲೂ ರಕ್ತದಲ್ಲಿ ಕೆಲಸ ನಡೆದಿತ್ತು. ಇದನ್ನು ಕೇಳಿದ ಮೇಲೆ ಭಾವ ಕನ್ನಡಕ ಹಾಕಿಕೊಂಡು, ‘ಹಾಗಾದ್ರೆ ಸೊಂಟ ಅಳೆಯೋ ಟೇಪು ಎಲ್ಲೇ?’ ಎಂದು ಅಕ್ಕನನ್ನು ಕೂಗಿದರು.

ತೂಕ ನಿಂತ ಓದುಗರೇ, ನೀವೂ ಟೇಪು ಹುಡುಕಿ. ಭಾರತೀಯ ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಎಂಬುದು ವೈದ್ಯರ ಮಾತು. ತೂಕ ವಾರಕ್ಕೊಮ್ಮೆ ನೋಡಿದರೆ ಧಾರಾಳವಾಯಿತು. ಎಣ್ಣೆ ಚಮಚದಲ್ಲಿ ಅಳೆಯಿರಿ, ತಟ್ಟೆಗೆ ಮೊಳಕೆಕಾಳು, ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ ಹೆಚ್ಚು ಬರಲಿ, ನಡಿಗೆಯ ಜೊತೆಗೆ ಒಂದಿಷ್ಟು ಭಾರ ಎತ್ತುವ ವ್ಯಾಯಾಮವೂ ಇರಲಿ. ಸುಸ್ತು, ಕೂದಲುದುರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಇಷ್ಟಾದ ಮೇಲೂ ಅಂಕಿ ಕದಲದಿದ್ದರೆ ಊಟ ಬಿಟ್ಟು ಹಟ ಮಾಡಬೇಡಿ. ಇಳಿಸುವುದು ಕೆಲವು ತಿಂಗಳ ಹಂಗಾಮಿ ಕೆಲಸ. ಇಳಿದದ್ದನ್ನು ಉಳಿಸಿಕೊಳ್ಳುವುದೇ ಕಾಯಂ ನೌಕರಿ, ಅದಕ್ಕೆ ನೀವು ಆಗಲೇ ಸೇರಿಯಾಗಿದೆ. ದಯವಿಟ್ಟು ರಾಜೀನಾಮೆ ಕೊಡಬೇಡಿ.